ಸೂಪಿನಲ್ಲಿದ್ದ ಆಲೂಗೆಡ್ಡೆ

ಹೈಫಾ ನಗರದಲ್ಲಿರುವ ಯಹೂದಿ ಹತ್ಯಾಕಾಂಡದ ಮ್ಯೂಸಿಯಂಗೆ ಶಾಲಾ ಮಕ್ಕಳು ಬರುವ ಮಂಗಳವಾರ ಪಲೋಂಬಜ್ಜಿ ತುಟಿಗೆ ಬಣ್ಣ ಹಚ್ಚದೆ ಮನೆ ಬಿಟ್ಟವಳಲ್ಲ. ತಾನು ಬದುಕಿ ಬಂದ ಕಥೆ ಹೇಳುವಾಗ ಆಕಳಿಸುವವರ ಕೈಗೆ ಬಿಸ್ಕತ್ತಿಟ್ಟು, "ತಿಂತಾ ಕೇಳ್ರಪ್ಪ, ಹೊಟ್ಟೆಗಿಲ್ದೆ ಇದ್ದ ಕಥೆ ಇದು" ಅನ್ನುತ್ತಾಳೆ. ಮ್ಯೂಸಿಯಂ ನಿರ್ದೇಶಕರು ಗಡಿಯಾರ ತೋರಿಸಿದರೆ, "ನಾಜಿಗಳ ಕೈಲೇ ನನ್ನ ಬಾಯಿ ಮುಚ್ಸೋಕಾಗ್ಲಿಲ್ಲ, ನೀನ್ಯಾವನಯ್ಯಾ?" ನಾಜಿಗಳು ತನ್ನನ್ನು ಕೂಡಿಹಾಕಿದ್ದ ಶಿಬಿರದ ಸೂಪಿನಲ್ಲಿ ಆಲೂಗೆಡ್ಡೆಯ ಚೂರಿತ್ತು ಎಂದು ಅಜ್ಜಿ ಹೇಳಿದೊಡನೆ, ಅದೇ ಶಿಬಿರದಿಂದ ಬದುಕಿ ಬಂದ ಗೆಳತಿ ಲೂನಾ ಪಕ್ಕದ ಕುರ್ಚಿಯಿಂದ ಮೂವತ್ತು ವರ್ಷ ತಪ್ಪದೆ ತಗಾದೆ ತೆಗೆಯುತ್ತಿದ್ದಳು: "ಎಲ್ಲಿತ್ತೇ ಆಲೂಗೆಡ್ಡೆ? ಬರೀ ಸಿಪ್ಪೆ." ಮಕ್ಕಳೆದುರೇ ಇಬ್ಬರಿಗೂ ಜಗಳ. ಹೋದ ಚಳಿಗಾಲದಲ್ಲಿ ಲೂನಾ ತೀರಿಕೊಂಡಳು. ಈಗಲೂ ಪಲೋಂಬಜ್ಜಿ ಆಲೂಗೆಡ್ಡೆ ಎಂದು ಹೇಳಿ ತುಸು ಕಾಯುತ್ತಾಳೆ. ಮಕ್ಕಳು ತಲೆಯಾಡಿಸುತ್ತಾರೆ, ಟೀಚರು ಬರೆದುಕೊಳ್ಳುತ್ತಾರೆ. ಅಲ್ಲವೆನ್ನಲು ಭೂಮಿಯ ಮೇಲೆ ಯಾರೂ ಉಳಿದಿಲ್ಲ. ಕಡೆಗೆ ಖಾಲಿ ಕುರ್ಚಿಯತ್ತ ನೋಡಿ ತಾನೇ ಹೇಳುತ್ತಾಳೆ, "ಬರೀ ಸಿಪ್ಪೆ ಮಕ್ಕಳೇ, ಹಾಗೇ ಬರ್ಕೊಳಿ."