ಆರ್ಫಾ ಅತ್ತೆಯ ಬಾಡಿಗೆದಾರರು

ಒಹಾಯೊ ನದಿ ದಂಡೆಯ ಆ ಪುಟ್ಟ ಊರಿಗೆ ಕ್ಯಾಲೆಂಡರ್ ಬೇಡ, ಆರ್ಫಾ ಅತ್ತೆ ಇದ್ದರೆ ಸಾಕು. ಹದಿನೇಳು ವರ್ಷಕ್ಕೊಮ್ಮೆ ನೆಲದಿಂದೇಳುವ ಜೀರುಂಡೆಗಳೇ ಅವಳ ಪಂಚಾಂಗ. ಯಾರಾದರೂ ವಯಸ್ಸು ಮರೆಮಾಚಿದರೆ, "ನೀನು ಜೀರುಂಡೆ ಎದ್ದ ಮರುವರ್ಷ ಹುಟ್ಟಿದವಳು ಕಣೆ, ಸುಳ್ಳು ಹೇಳ್ಬೇಡ" ಎಂದು ಗದರುವಳು. ಮದುವೆ ಗೊತ್ತುಮಾಡುವವರು ಪಾದ್ರಿಗಿಂತ ಮೊದಲು ಅವಳ ಅಂಗಳಕ್ಕೆ ಬರಬೇಕು. "ಬರೋ ವರ್ಷ ಮೇ ಕೊನೇಲಿ ಬೇಡ್ರಪ್ಪ, ಜೀರುಂಡೆ ಏಳತ್ತೆ. ನಮ್ಮ ಮದುವೇಲಿ ಆ ಗದ್ದಲದಲ್ಲಿ ನನ್ನ ಗಂಡ ಹಾಲಿಸ್ 'ಒಪ್ಪಿದೆ' ಅಂತ ಮೂರು ಸಲ ಕಿರುಚಿದ, ನಾಲ್ಕನೇ ಸಲ ಅವನ ಪರವಾಗಿ ನಾನೇ ಒಪ್ಕೊಂಡೆ!" ಅವಳ ಅಂಗಳದ ಸೇಬಿನ ಮರದಲ್ಲಿ ಈಗ ಒಂದೇ ಕೊಂಬೆ ಹಸಿರು, ಆದರೂ ದಿನಾ ಬೆಳಗ್ಗೆ ಅದಕ್ಕೆ ಎರಡು ಬಕೆಟ್ ನೀರು. ಪಕ್ಕದ ಮನೆಯ ವರ್ನನ್ ಗರಗಸ ಹಿಡಿದು ಬಂದು, "ಅತ್ತೆ, ಕಡಿದುಬಿಡ್ತೀನಿ, ಮನೆ ಮೇಲೆ ಬೀಳತ್ತೆ" ಅನ್ನುವನು. "ಕೆಳಗೆ ನನ್ನ ಬಾಡಿಗೆದಾರರಿದಾರೆ ಕಣಯ್ಯ. ಹದಿನೇಳು ವರ್ಷ ಮಣ್ಣೊಳಗೆ ಬೇರಿನ ರಸ ಕುಡ್ಕೊಂಡು ಬದುಕೋ ಜೀರುಂಡೆ ಮರಿಗಳನ್ನ ಬೀದಿಗೆ ಹಾಕ್ಲಾ?" ಅನ್ನುವಳು. ಊರು ನಗುತ್ತದೆ. ಕಳೆದ ಸಲ ಜೀರುಂಡೆಗಳ ಹಾಡು ನಿಂತ ಮೇಲೆ, ಹಾಸಿಗೆ ಹಿಡಿದಿದ್ದ ಹಾಲಿಸ್‌ನನ್ನು ಅವಳು ಅದೇ ಮರದಡಿ ಕುರ್ಚಿ ಹಾಕಿ ಕೂರಿಸಿದ್ದಳು. ಮೊಟ್ಟೆಯೊಡೆದ ಮರಿಗಳು, ನುಚ್ಚಿನಷ್ಟು ಸಣ್ಣವು, ಕೊಂಬೆಯಿಂದ ಅವನ ತೋಳಿನ ಮೇಲೆ ಉದುರಿದವು. ಅವನು ಒಂದೊಂದನ್ನೂ ಮೆಲ್ಲಗೆ ಮಣ್ಣಿಗಿಳಿಸಿ, "ಇವು ಮೇಲೆ ಬಂದಾಗ, ನಾನು ಕ್ಷೇಮ ಕೇಳಿದೆ ಅಂತ ಹೇಳು" ಎಂದ. ಅದೇ ವಾರ ತೀರಿಕೊಂಡ. ಈಗ ದಿನವೂ ಎರಡನೇ ಬಕೆಟ್ ಸುರಿದು, ಒದ್ದೆ ಮಣ್ಣನ್ನು ಅಂಗೈಯಿಂದ ತಟ್ಟಿ ಅತ್ತೆ ಹೇಳುವಳು: "ಇನ್ನೊಂದೇ ಚಳಿಗಾಲ ತಡ್ಕೊಳ್ಳಿ ಕಣ್ರೋ. ನಿಮಗೊಂದು ಮಾತು ಹೇಳೋದಿದೆ."