ನನ್ನ ಕ್ಯಾಸೆಟ್ಟಿನೊಳಗೆ ಇನ್ನೊಬ್ಬನ ದನಿ

ನನ್ನ ಮೊದಲ ಕ್ಯಾಸೆಟ್ಟನ್ನು ಮನೆಯಲ್ಲಿ ಹಾಕಿದಾಗ ಅಣ್ಣ ಎದ್ದು ಹೋಗಿ ಮಿಕ್ಸಿಯ ಪ್ಲಗ್ ಕಿತ್ತ. ಸದ್ದು ನಿಲ್ಲಲಿಲ್ಲ. ಆಮೇಲೆ ಫ್ಯಾನಿನ ಕಡೆ ನೋಡಿದ. ಅದೂ ಅಲ್ಲವೆಂದು ಗೊತ್ತಾದ ಮೇಲೆ ನನ್ನ ಕಡೆ ತಿರುಗಿ, "ಏನೇ ಇದು, ಹಾಡು ಯಾವಾಗ ಶುರು ಆಗುತ್ತೆ?" ಅಂದ. ಅಣ್ಣ ಬ್ಯಾಂಕಿನಲ್ಲಿ ಗುಮಾಸ್ತ. ರಾಜಾಜಿನಗರದ ನಮ್ಮ ಮನೆಯ ಕಬ್ಬಿಣದ ಗೇಟಿಗೆ ಅವನಿಗಿಂತ ಹೆಚ್ಚು ಸಂಗೀತಜ್ಞಾನವಿತ್ತು ಎಂದು ನಾನು ಆಗ ನಂಬಿದ್ದೆ, ಈಗಲೂ ನಂಬಿದ್ದೇನೆ. ಅದು ಕಿರ್ರೆಂದರೂ ಪ್ರತಿಸಲ ಬೇರೆ ಬೇರೆ ಥರ ಕಿರ್ರೆನ್ನುತ್ತಿತ್ತು.

ಅಮ್ಮ ಮಾತ್ರ ದೇವರ ಬತ್ತಿ ಹೊಸೆಯುತ್ತಾ ಪೂರ್ತಿ ಒಂದು ಕಡೆ ಕೇಳಿದಳು. ಮುಗಿದ ಮೇಲೆ, "ತಿರುಗಿಸಿ ಹಾಕು" ಅಂದಳು. ಅಷ್ಟೇ.

ಎಂಬತ್ತರ ದಶಕದ ನಡುವಿನ ಮಾತು ಇದು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ನಾಯಂಡಹಳ್ಳಿಯ ಹತ್ತಿರ ಅಳತೆಯ ಉಪಕರಣಗಳನ್ನು ಮಾಡುವ ಸಣ್ಣದೊಂದು ಕಾರ್ಖಾನೆಯಲ್ಲಿ ಪರೀಕ್ಷೆಯ ವಿಭಾಗಕ್ಕೆ ಸೇರಿದ್ದೆ. ಹೊಸ ಉಪಕರಣ ಬಂದರೆ ಅದಕ್ಕೆ ತಗ್ಗಿನ ಸ್ವರದಿಂದ ಎತ್ತರದ ಸ್ವರದವರೆಗೆ ನಿಧಾನವಾಗಿ ಸಿಗ್ನಲ್ ಕೊಟ್ಟು ನೋಡಬೇಕು. ಉಳಿದವರು ಪರದೆಯ ಮೇಲಿನ ಗೆರೆ ನೋಡುತ್ತಿದ್ದರು. ನಾನು ಆ ಸಿಗ್ನಲ್ಲಿಗೆ ಹಳೆಯದೊಂದು ಹೆಡ್‌ಫೋನ್ ಜೋಡಿಸಿ ಕೇಳುತ್ತಿದ್ದೆ. ಹೊಟ್ಟೆಯೊಳಗಿನ ಗುಡುಗಿನಂಥ ಸದ್ದಿನಿಂದ ಶುರುವಾಗಿ, ಮನುಷ್ಯನ ದನಿಯ ಪಕ್ಕದಲ್ಲೇ ಹಾದು, ಸೊಳ್ಳೆಯನ್ನೂ ದಾಟಿ ಕಿವಿಗೆ ಸಿಗದಷ್ಟು ಮೇಲೆ ಹೋಗುವ ಆ ಪ್ರಯಾಣದಲ್ಲಿ ನನಗೆ ಸಿಕ್ಕ ಸುಖ ಯಾವ ಕಚೇರಿಯಲ್ಲೂ ಸಿಕ್ಕಿರಲಿಲ್ಲ. ಎಸ್.ಪಿ. ರೋಡಿನಲ್ಲಿ ಬಿಡಿಭಾಗಗಳನ್ನು ಆಯ್ದು ತಂದು, ಅಂಥದೇ ಸ್ವರ ಹೊರಡಿಸುವ ಪೆಟ್ಟಿಗೆಯೊಂದನ್ನು ಮನೆಯಲ್ಲೇ ಕಟ್ಟಿದೆ. ಎರಡು ಟೇಪ್ ರೆಕಾರ್ಡರ್ ಇಟ್ಟುಕೊಂಡು, ಒಂದರಲ್ಲಿ ನುಡಿಸಿದ್ದನ್ನು ಇನ್ನೊಂದಕ್ಕೆ ತುಂಬುತ್ತಾ, ಅದರ ಮೇಲೆ ಮತ್ತೆ ನುಡಿಸುತ್ತಾ ಆ ಕ್ಯಾಸೆಟ್ ಮಾಡಿದೆ. ಅದರಲ್ಲಿ ತಾಳವಿಲ್ಲ, ಮಾತಿಲ್ಲ. ಸ್ವರಗಳು ನಿಧಾನಕ್ಕೆ ಏರುತ್ತವೆ, ನಿಧಾನಕ್ಕೆ ಇಳಿಯುತ್ತವೆ.

ಕೆಲಸದಿಂದ ಬರುವಾಗ ವಿಜಯನಗರದಲ್ಲಿ ಬಸ್ ಬದಲಾಯಿಸುತ್ತಿದ್ದೆ. ಅಲ್ಲೊಂದು ಕ್ಯಾಸೆಟ್ ಅಂಗಡಿಯಿತ್ತು. ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಕೊಡುವುದು ಅಂಗಡಿಯವನ ಮುಖ್ಯ ಕಸುಬು. ತನ್ನನ್ನು ಅವನು 'ರೆಕಾರ್ಡಿಂಗ್ ಲೈನ್‌ನಲ್ಲಿದೀನಿ' ಎಂದು ಹೇಳಿಕೊಳ್ಳುತ್ತಿದ್ದ. ನನ್ನ ಮೂಲ ಕ್ಯಾಸೆಟ್ಟನ್ನು ಅವನಿಗೆ ಕೊಟ್ಟು, ಪ್ರತಿ ತೆಗೆದು ಮಾರಾಟಕ್ಕಿಡುವಂತೆ ಕೇಳಿದೆ.

ಅವನು ಸ್ವಲ್ಪ ಕೇಳಿದ. ಮುಂದಕ್ಕೆ ಓಡಿಸಿ ಕೇಳಿದ. ಮತ್ತೆ ಓಡಿಸಿದ.

"ಸಿಸ್ಟರ್, ಇದ್ರಲ್ಲಿ ಹಾಡೇ ಇಲ್ವಲ್ಲ."

"ಇಲ್ಲ."

"ಭಕ್ತಿಗೀತೆ ಮ್ಯೂಸಿಕ್ಕಾ?"

"ಅಲ್ಲ."

"ಮತ್ತೆ ಯಾವ ರ್‍ಯಾಕಲ್ಲಿ ಇಡ್ಲಿ ಹೇಳಿ?"

ಕೊನೆಗೆ ಟೇಪ್ ರೆಕಾರ್ಡರಿನ ಹೆಡ್ ಶುಚಿಮಾಡುವ ಕ್ಯಾಸೆಟ್ಟುಗಳ ಪಕ್ಕದಲ್ಲಿಟ್ಟ. ಒಬ್ಬ ಗಿರಾಕಿ ಹಾಗೆಂದೇ ತಿಳಿದು ಕೊಂಡುಹೋಗಿ, ಈಗ ಸೆಟ್ ಚೆನ್ನಾಗಿ ಓಡುತ್ತಿದೆ ಎಂದು ವಾಪಸ್ ಬಂದು ಹೇಳಿದನಂತೆ. ಅಂಗಡಿಯವನು ಇದನ್ನು ನನಗೆ ಸಂತೋಷದ ಸುದ್ದಿಯೆಂಬಂತೆ ತಿಳಿಸಿದ. ವಿಜಯನಗರದ ಸಂಗೀತಪ್ರೇಮಿಗಳ ಬಗ್ಗೆ ನನಗಿದ್ದ ಅಭಿಪ್ರಾಯ ಅವತ್ತು ಗಟ್ಟಿಯಾಯಿತು.

ಆ ಅಂಗಡಿಯಲ್ಲಿ ಸಂಜೆ ಹೊತ್ತು ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ ಇನ್ನೊಬ್ಬನಿದ್ದ. ಮದುವೆ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾ ನಡೆಸುವವನು. ಅವನ ಹತ್ತಿರ ಫಾರಿನ್ ಕೀಬೋರ್ಡ್ ಇತ್ತು. ಗುಂಡಿ ಒತ್ತಿದರೆ ತಾಳ ತಾನಾಗಿ ಢಮಢಮ ಹೊಡೆದುಕೊಳ್ಳುತ್ತಿತ್ತು. ಇವನು ಒಂದು ಬೆರಳಲ್ಲಿ ಸಿನಿಮಾ ಹಾಡಿನ ಪಲ್ಲವಿ ಕುಟ್ಟುತ್ತಾ ಇನ್ನೊಂದು ಕೈಯಲ್ಲಿ ಕರ್ಚೀಫಿನಿಂದ ಹಣೆ ಒರೆಸಿಕೊಳ್ಳುತ್ತಿದ್ದ. ಕೆಲಸ ಮಾಡುತ್ತಿದ್ದುದು ಯಂತ್ರ. ಬೆವರು ಇವನಿಗೇಕೆ ಬರುತ್ತಿತ್ತೋ. ನನ್ನ ಪೆಟ್ಟಿಗೆಯ ವಿಷಯ ಕೇಳಿ, "ನಾವೂ ಎಲೆಕ್ಟ್ರಾನಿಕ್ಕೇ ಅಲ್ವೇನಮ್ಮಾ. ಕಲೀರಿ, ಕಲೀರಿ. ಲೇಡೀಸು ಇಷ್ಟು ಮಾಡೋದೇ ದೊಡ್ಡದು" ಅಂದ. ಉತ್ತರ ಕೊಟ್ಟಿದ್ದರೆ ಅವನಿಗೆ ಅರ್ಥವಾಗುವಂತೆ ಕೊಡಬೇಕಾಗಿತ್ತು; ಅಷ್ಟು ಕೆಳಗೆ ಬಗ್ಗುವ ಅಭ್ಯಾಸ ನನಗಿರಲಿಲ್ಲ.

ಕೆಲವು ತಿಂಗಳು ಕಳೆದವು. ಅಮ್ಮನಿಗೆ ಹಲ್ಲುನೋವು ಬಂತು. ಅತ್ತಿಗುಪ್ಪೆಯಲ್ಲಿದ್ದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಾಯುವ ಕೋಣೆಯಲ್ಲಿ ಟೇಪ್ ರೆಕಾರ್ಡರ್ ಹಾಕಿದ್ದರು. ಗಂಡಸೊಬ್ಬನ ಗಡಸು ದನಿ, ಪ್ರತಿ ಪದಕ್ಕೂ ಗಂಧ ಹಚ್ಚಿದಂತೆ, ಹೇಳುತ್ತಿತ್ತು: "ಕಣ್ಣು ಮುಚ್ಚಿಕೊಳ್ಳಿ. ನಾದ ಮೇಲೇರಿದಂತೆ ಉಸಿರನ್ನು ಒಳಗೆಳೆದುಕೊಳ್ಳಿ. ನಾದ ಇಳಿದಂತೆ ಹೊರಗೆ ಬಿಡಿ." ಹಿಂದೆ ಏನೋ ಏರುತ್ತಿತ್ತು, ಇಳಿಯುತ್ತಿತ್ತು.

ಊದಿದ ಕೆನ್ನೆಯನ್ನು ಒತ್ತಿಹಿಡಿದುಕೊಂಡೇ ಅಮ್ಮ ನನ್ನ ಕಡೆ ತಿರುಗಿದಳು. "ಇದು ನಿಂದಲ್ವೇನೇ?"

ನನ್ನದೇ. ದನಿ ಆ ಆರ್ಕೆಸ್ಟ್ರಾದವನದು. ಯಾರೋ ನನ್ನ ಕೋಣೆಗೆ ನುಗ್ಗಿ, ನನ್ನ ಹಾಸಿಗೆಯ ಮೇಲೆ ಚಪ್ಪಲಿ ಕಾಲಿಟ್ಟು ಕೂತು ಪ್ರವಚನ ಮಾಡಿದಂತಿತ್ತು. ನರ್ಸ್ ತೋರಿಸಿದ ಕ್ಯಾಸೆಟ್ ಡಬ್ಬಿಯ ಮೇಲೆ ಪದ್ಮಾಸನ ಹಾಕಿದ ಮನುಷ್ಯನ ಹಣೆಯಿಂದ ಟಾರ್ಚ್ ಬಿಟ್ಟಂತೆ ಬೆಳಕು ಬರುತ್ತಿತ್ತು. 'ಮನಶ್ಶಾಂತಿ' ಎಂದು ಹೆಸರು. 'ಹೊಸ ಆವೃತ್ತಿ' ಎಂದೂ ಅಚ್ಚಾಗಿತ್ತು. ನನ್ನ ಹೆಸರು ಎಲ್ಲೂ ಇರಲಿಲ್ಲ.

"ಎಲ್ರಿಗೂ ತುಂಬಾ ಇಷ್ಟ ಮೇಡಂ ಇದು. ಡಾಕ್ಟ್ರು ಡ್ರಿಲ್ ಮಾಡೋ ಸದ್ದೂ ಕೇಳಲ್ಲ ನೋಡಿ," ಅಂದಳು ನರ್ಸ್.

ಮಾರನೇ ದಿನ ಅಂಗಡಿಗೆ ಹೋದೆ. ಇಬ್ಬರೂ ಇದ್ದರು.

"ನನ್ನ ರೆಕಾರ್ಡಿಂಗ್ ಮೇಲೆ ಇವರು ಮಾತಾಡೋಕೆ ಯಾರು ಹೇಳಿದ್ದು?" ಅಂತ ಕೇಳಿದೆ.

ಅಂಗಡಿಯವನಿಗೆ ನಾಚಿಕೆಯೇನೂ ಆಗಲಿಲ್ಲ. "ಸಿಸ್ಟರ್, ಕೋಪ ಮಾಡ್ಕೋಬೇಡಿ. ಬರೀ ಗುಂಯ್ ಅಂತಿದ್ರೆ ಯಾರು ತಗೋತಾರೆ? ಸಾರು ಎರಡು ಮಾತು ಸೇರಿಸಿದ್ರು, ಈಗ ಸ್ಟಾಕೇ ನಿಲ್ತಿಲ್ಲ."

ಆರ್ಕೆಸ್ಟ್ರಾದವನು ಕಾಫಿ ಲೋಟ ಕೆಳಗಿಟ್ಟ. "ನಿಮ್ದು ಅನ್ನ ಇದ್ದಂಗಿತ್ತಮ್ಮಾ. ನಾನು ಸಾರು ಹಾಕಿದೀನಿ."

ಯಾರ ಅನ್ನಕ್ಕೆ ಯಾರ ಎಂಜಲು ಎಂದು ಹೇಳಬೇಕೆನಿಸಿತು. ಆದರೆ ಇವರೆದುರು ದನಿ ನಡುಗುವುದು ನನಗೆ ಬೇಕಿರಲಿಲ್ಲ. ಮೂಲ ಕ್ಯಾಸೆಟ್ಟನ್ನು ವಾಪಸ್ ಕೇಳಿ ಇಸಕೊಂಡೆ. ಅದರಿಂದ ತೆಗೆಯಬೇಕಾದಷ್ಟನ್ನು ಅವನು ಆಗಲೇ ತೆಗೆದಾಗಿತ್ತು, ಆದ್ದರಿಂದ ತಕರಾರಿಲ್ಲದೆ ಕೊಟ್ಟ. ಕೊಡುತ್ತಲೇ ಇನ್ನೊಂದು ಮಾತು ತೆಗೆದ. ಬಸವೇಶ್ವರನಗರದಲ್ಲಿ ಗಣೇಶನ ಪೆಂಡಾಲಿನವರು ಒಂದು ಸಂಜೆಗೆ 'ಮನಶ್ಶಾಂತಿ' ಕಾರ್ಯಕ್ರಮ ಕೇಳಿದ್ದಾರೆ. ಸಾರು ಮಾತಾಡುತ್ತಾರೆ. ಕ್ಯಾಸೆಟ್ ಹಾಕಿದರೆ ಚೆನ್ನಾಗಿರುವುದಿಲ್ಲ, ನಾನು ಪೆಟ್ಟಿಗೆ ತಂದು ಸ್ಟೇಜಿನ ಮೇಲೆ ನುಡಿಸಿದರೆ ಜನರಿಗೆ ನೋಡುವುದಕ್ಕೂ ಏನೋ ಇರುತ್ತದೆ.

"ಸಂಗೀತ ನನ್ನದು ಅಂತ ಮೈಕಲ್ಲಿ ಹೇಳ್ಬೇಕು. ನನ್ನ ಕ್ಯಾಸೆಟ್ ಅಲ್ಲೇ ಟೇಬಲ್ ಹಾಕಿ ನಾನೇ ಇಟ್ಕೋತೀನಿ" ಅಂದೆ.

"ಧಾರಾಳವಾಗಿ ಸಿಸ್ಟರ್!"

ಗಣೇಶನ ಹಬ್ಬದವರೆಗೆ ಸಂಜೆ ಸಂಜೆ ಕೂತು ಹೊಸದೊಂದು ರೆಕಾರ್ಡಿಂಗ್ ಮಾಡಿದೆ. ಹೊಸ ಕ್ಯಾಸೆಟ್ಟಿನ ಒಂದು ಕಡೆ ಅದು. ಇನ್ನೊಂದು ಕಡೆ ಹಳೆಯದು, ಯಾವನ ಉಸಿರಾಟದ ಉಪದೇಶವೂ ಇಲ್ಲದೆ, ಮೊದಲು ಹೇಗಿತ್ತೋ ಹಾಗೆ. ಡಬ್ಬಿಯ ಮೇಲೆ ನನ್ನ ಹೆಸರು ನಾನೇ ಬರೆದೆ. ಅಣ್ಣ ಅದನ್ನು ನೋಡಿ, "ಹಾಡೇ ಇಲ್ದಿದ್ಮೇಲೆ ಹೆಸರು ಯಾತಕ್ಕೆ?" ಅಂದ.

ಕಾರ್ಯಕ್ರಮದ ದಿನ ಪೆಂಡಾಲಿನ ತುಂಬ ಜನ. ಮುಂದಿನ ಸಾಲಿನ ಸೋಫಾದಲ್ಲಿ ಮುಖ್ಯ ಅತಿಥಿ ಕೂತಿದ್ದರು. ಬಡಾವಣೆಯಲ್ಲಿ ಯಾವ ಸಮಾರಂಭವಾದರೂ ಶಾಲು ಹೊದೆಸಿಕೊಳ್ಳಲು ಬರುತ್ತಿದ್ದ ದಪ್ಪ ಮನುಷ್ಯರು; ಶಾಲಿನ ವಿನಾ ಅವರ ಸಾಧನೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಸ್ಟೇಜಿನ ಪಕ್ಕಕ್ಕೆ ಪೆಟ್ಟಿಗೆಯಿಟ್ಟು, ಮೈಕ್ ಸೆಟ್ಟಿನವನ ಆಂಪ್ಲಿಫೈಯರಿಗೆ ತಂತಿ ಜೋಡಿಸಿದೆ. ಆರ್ಕೆಸ್ಟ್ರಾದವನು ರೇಷ್ಮೆ ಜುಬ್ಬಾ ಹಾಕಿ, ವಿಭೂತಿ ಬಳಿದುಕೊಂಡು ಬಂದಿದ್ದ. ಮದುವೆ ಮನೆಯಲ್ಲಿ ಕುಣಿಯುವ ಹಾಡು ಕುಟ್ಟುತ್ತಿದ್ದವನಿಗೆ ಇಷ್ಟು ಬೇಗ ಹೇಗೆ ವೈರಾಗ್ಯ ಬಂತೋ! ಮೈಕ್ ಹಿಡಿದು, ಈ ದಿವ್ಯನಾದ ತನಗೆ ಧ್ಯಾನದಲ್ಲಿ ಕೇಳಿಸಿದ್ದೆಂದು ಹೇಳಿದ. ಕೊನೆಗೆ ನನ್ನ ಕಡೆ ಕೈತೋರಿಸಿ, "ಮಿಷಿನ್ ಆಪರೇಟರ್, ನಮ್ಮ ಸಿಸ್ಟರ್" ಅಂದ. ಜನ ಚಪ್ಪಾಳೆ ತಟ್ಟಿದರು.

ಶುರು ಮಾಡಿದೆ. ಸ್ವರ ಏರಿತು, ಅವನು "ಒಳಗೆಳೆದುಕೊಳ್ಳಿ" ಅಂದ. ಇಳಿಯಿತು, "ಬಿಡಿ" ಅಂದ. ಇಡೀ ಪೆಂಡಾಲು ಕಣ್ಣು ಮುಚ್ಚಿಕೊಂಡು ಬುಸ್ ಎಂದು ಉಸಿರು ಬಿಡುವುದು ಸ್ಟೇಜಿನವರೆಗೂ ಕೇಳುತ್ತಿತ್ತು. ಸಂಗೀತವನ್ನು ಒಬ್ಬರೂ ಕೇಳುತ್ತಿರಲಿಲ್ಲ. ಪಂಪು ಹೊಡೆದಂತೆ ಗಾಳಿ ತುಂಬಿಕೊಂಡು ಬಿಡುತ್ತಿದ್ದರು, ಅಷ್ಟೇ. ಆ ಮುಚ್ಚಿದ ಮುಖಗಳನ್ನು ನೋಡುತ್ತಾ ನೋಡುತ್ತಾ ನನಗೆ ತಡೆಯಲಾಗಲಿಲ್ಲ. ಮುಂದಿನ ಸಲ ಸ್ವರ ಏರಿದಾಗ ನಾನು ಇಳಿಸಲಿಲ್ಲ.

ಹೊಸ ರೆಕಾರ್ಡಿಂಗಿಗೆಂದು ಪೆಟ್ಟಿಗೆಯಲ್ಲಿ ಒಟ್ಟಿಗೆ ಹಲವು ಸ್ವರ ಹೊರಡುವಂತೆ ಮಾಡಿಕೊಂಡಾಗ ಒಂದು ಉಪಾಯ ಕಲಿತಿದ್ದೆ. ಏರುತ್ತಿರುವ ಸ್ವರ ಮೇಲೆ ಹೋಗಿ ಕ್ಷೀಣಿಸುವಷ್ಟರಲ್ಲಿ ಅದರ ಕೆಳಗಿನಿಂದ ಇನ್ನೊಂದನ್ನು ಏರಿಸಿದರೆ, ಆಮೇಲೆ ಮತ್ತೊಂದನ್ನು, ಏರಿಕೆ ಮುಗಿಯುವುದೇ ಇಲ್ಲ ಎನಿಸುತ್ತದೆ. ಅದನ್ನೇ ಮಾಡಿದೆ. ಆರ್ಕೆಸ್ಟ್ರಾದವನು "ಒಳಗೆ… ಇನ್ನೂ ಒಳಗೆ…" ಅಂದ. ಸ್ವರ ಏರುತ್ತಲೇ ಇತ್ತು. "ಇನ್ನೂ… ಹಾಗೇ ಹಿಡಿದುಕೊಳ್ಳಿ…" ಅವನು ನನ್ನ ಕಡೆ ಕಣ್ಣುಬಿಟ್ಟ. ನಾನು ಗುಂಡಿಗಳ ಮೇಲೆ ಗಮನವಿಟ್ಟಿದ್ದೆ. ನಾದ ತನಗೆ ಧ್ಯಾನದಲ್ಲಿ ಬಂದದ್ದು ಎಂದು ಹೇಳಿಕೊಂಡವನು ಈಗ ಅದನ್ನು ನಿಲ್ಲಿಸು ಎಂದು ಮೈಕಿನಲ್ಲಿ ಹೇಗೆ ಹೇಳಿಯಾನು? ಮುಖ್ಯ ಅತಿಥಿಯ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಹೆಂಗಸರ ಕಡೆ ಯಾರೋ ಕೆಮ್ಮಿದರು, ಒಬ್ಬರು ಅಯ್ಯೋ ಎಂದರು. ಕೊನೆಗೆ ಮುಖ್ಯ ಅತಿಥಿ ಟ್ಯೂಬು ಒಡೆದಂತೆ ದೊಡ್ಡ ಸದ್ದಿನೊಂದಿಗೆ ಉಸಿರು ಬಿಟ್ಟು ಸೋಫಾದಲ್ಲಿ ಕುಸಿದರು. ಅವರ ಹಿಂದೆಯೇ ಇಡೀ ಪೆಂಡಾಲು ಉಸಿರು ಬಿಟ್ಟಿತು.

ನಾನು ಸ್ವಿಚ್ ಆರಿಸಿದೆ. ಈಗ ಇವನ ಬಣ್ಣ ಬಯಲಾಗುತ್ತದೆ ಎಂದುಕೊಂಡೆ. ಜುಬ್ಬಾದೊಳಗೆ ಅವನೂ ಏದುಸಿರು ಬಿಡುತ್ತಿದ್ದ. ಆದರೆ ಅಂಥವರ ಚರ್ಮ ದಪ್ಪ. ಮೈಕ್ ಎತ್ತಿಕೊಂಡು, "ಈಗ ನೀವು ಅನುಭವಿಸಿದ್ದು ಮೇಲಿನ ಹಂತ. ಇದು ಎಲ್ಲರಿಗೂ ಒಲಿಯುವಂಥದ್ದಲ್ಲ" ಎಂದುಬಿಟ್ಟ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿ ಶಾಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಸ್ಟೇಜಿಗೆ ಬಂದು, "ಅದ್ಭುತ ಶಕ್ತಿ ಕಣ್ರೀ! ನಂಗೆ ಕಣ್ಣು ಕತ್ಲೆ ಬಂದು ನಕ್ಷತ್ರ ಕಾಣಿಸ್ತು!" ಅಂದರು. ಆರ್ಕೆಸ್ಟ್ರಾದವನು ಅವರ ಕಾಲು ಮುಟ್ಟಿದ, ಅವರು ಅವನ ಕಾಲು ಮುಟ್ಟಲು ಹೋದರು. ನಾನು ಬಗ್ಗಿ ತಂತಿ ಸುತ್ತುತ್ತಿದ್ದೆ. ಈ ಜನಕ್ಕೆ ಅವಮಾನ ಮಾಡುವುದಕ್ಕೂ ಆಗುವುದಿಲ್ಲವಲ್ಲ, ಅದನ್ನೂ ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತಾರಲ್ಲ ಎನಿಸಿತು.

ಅಂಗಡಿಯವನು ಓಡಿಬಂದ. "ಸಿಸ್ಟರ್, ಆ ಲಾಸ್ಟ್ ಐಟಂ ಇತ್ತಲ್ಲ, ಅದನ್ನ ಒಂದು ಕ್ಯಾಸೆಟ್ ಮಾಡ್ಕೊಡಿ. ಮನಶ್ಶಾಂತಿ ಎರಡನೇ ಭಾಗ. ಈ ಸಲ ನಿಮ್ಮ ಹೆಸ್ರು ಸಣ್ಣದಾಗಿ ಹಾಕ್ಸೋಣ."

"ನೀವು ಮೊದಲು ಟೇಪಿನ ಹೆಡ್ ಕ್ಲೀನ್ ಮಾಡ್ಕೊಳ್ಳಿ" ಎಂದು ಹೇಳಿ ಪೆಟ್ಟಿಗೆ ಎತ್ತಿಕೊಂಡೆ.

ನನ್ನ ಟೇಬಲ್ಲಿನ ಹತ್ತಿರ ಒಂದಿಬ್ಬರು ಬಂದಿದ್ದರು. ಒಬ್ಬ ಹೆಂಗಸು ಕ್ಯಾಸೆಟ್ ತಿರುಗಿಸಿ ನೋಡಿ, "ಇದ್ರಲ್ಲಿ ಅವ್ರು ಮಾತಾಡ್ತಾರಾ?" ಅಂತ ಕೇಳಿದರು. ಇಲ್ಲ ಎಂದೆ. ಇಟ್ಟು ಹೋದರು. ಆಮೇಲೆ ಆ ಕ್ಯಾಸೆಟ್ಟುಗಳನ್ನು ಕಾರ್ಖಾನೆಯ ಗೆಳತಿಯರಿಗೆ, ಗೊತ್ತಿದ್ದವರಿಗೆ, ಕೇಳುತ್ತೇನೆಂದು ನಿಜವಾಗಿ ಕೇಳಿಕೊಂಡವರಿಗೆ ಕೊಟ್ಟೆ. ಕೆಂಗೇರಿಯಿಂದ ಯಾರೋ ಅಪರಿಚಿತರು ಹುಡುಕಿಕೊಂಡು ಬಂದು ಒಂದು ಪ್ರತಿ ಒಯ್ದರು. ಏನನ್ನಿಸಿತೆಂದು ತಿಳಿಸಲು ಮತ್ತೆ ಬರಲಿಲ್ಲ. 'ಮನಶ್ಶಾಂತಿ' ಮಾತ್ರ ಹಲ್ಲಿನ ಡಾಕ್ಟರ ಹತ್ತಿರ, ಬ್ಯೂಟಿ ಪಾರ್ಲರಿನಲ್ಲಿ ಬಹಳ ಕಾಲ ಓಡಿತು. ಅಣ್ಣ ಬ್ಯಾಂಕಿನಲ್ಲಿ ಅದರ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದನಂತೆ.

ಹಬ್ಬ ಮುಗಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಅಣ್ಣ ಹೊರಗೆ ಹೋಗಿದ್ದಾಗ, ಅಮ್ಮ ನನ್ನ ಹೊಸ ಕ್ಯಾಸೆಟ್ ಹಾಕು ಅಂದಳು. ಹಾಕಿದೆ. ಗೋಡೆಗೊರಗಿ ಕಾಲು ಚಾಚಿ ಕೂತು, ಎರಡು ಕಡೆಯನ್ನೂ ಕೇಳಿದಳು.

"ಹಳೇದೇ ಚೆನ್ನಾಗಿದೆ ಕಣೇ."

"ಹೊಸದು?"

"ಹೊಸದ್ರಲ್ಲಿ ನೀನು ಯಾರ ಮೇಲೋ ಹಲ್ಲು ಕಡೀತಾ ಇದೀಯ."

ಅಮ್ಮ ಹಾಗಂದಳೆಂದು ಎರಡು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ನನ್ನ ಸಂಗೀತವನ್ನು ನಿಜವಾಗಿ ಕೇಳಿದ ಒಬ್ಬಳೇ ಒಬ್ಬಳು ಅವಳು, ಆದ್ದರಿಂದ ಅವಳ ಮಾತನ್ನು ಉಳಿದವರದ್ದರ ಹಾಗೆ ಕೊಡವಿಹಾಕಲು ಆಗಲಿಲ್ಲ. ಆದರೂ ಇಷ್ಟು ವರ್ಷದ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದರೆ, ನನಗೆ ಹೊಸದೇ ಇಷ್ಟ.