ಲಾಳದ ಹಗ್ಗ ಮತ್ತು ಹಿತ್ತಲ ಎಳನೀರು

ನ್ಯಾಮತಿಯ ಸಂತೆಮೈದಾನದ ಅಂಚಿನಲ್ಲಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ ಜಹಾಂಗೀರ್‌ಗೆ ಗೊರಸಿಗೆ ಮೊಳೆ ಹೊಡೆಯಲು ಎಂಥ ಎತ್ತನ್ನು ಕೆಡವಲೂ ಒಂದು ಹಗ್ಗ, ಒಂದು ಎಡಗೈ ಸಾಕಿತ್ತು. ಕಾಲುಗಳಿಗೆ ಹಗ್ಗ ಸುತ್ತಿ ಎಡಗೈಯಿಂದ ಜಗ್ಗಿದರೆ ಎತ್ತು ತಾನಾಗಿ ಕೂತಂತೆ ಮೆತ್ತಗೆ ಮಗ್ಗುಲಾಗುತ್ತಿತ್ತು. ೧೯೮೭ರಲ್ಲಿ, ನಲವತ್ತೊಂದನೇ ವಯಸ್ಸಿಗೆ, ಅವನ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ಅದೇ ಎಡಗೈಯ ರಕ್ತನಾಳ ಕೊಯ್ದು ಜೋಡಿಸಿ, ಪ್ರತಿ ಸೋಮವಾರ ಮತ್ತು ಗುರುವಾರ ಅಲ್ಲಿ ಸೂಜಿ ಚುಚ್ಚಿ, ರಕ್ತವನ್ನು ಯಂತ್ರಕ್ಕೆ ಹಾಯಿಸಿ ಡಯಾಲಿಸಿಸ್ ಮಾಡತೊಡಗಿದರು. ಆ ಕೈಯಿಂದ ಇನ್ನು ಭಾರ ಎತ್ತಬಾರದು, ಜಗ್ಗಬಾರದು ಎಂದರು. ಹಾಗಾದರೆ ಏನು ಮಾಡಬೇಕು ಎಂಬುದನ್ನು ಯಾರೂ ಹೇಳಲಿಲ್ಲ.

ದಿನಕ್ಕೆ ಎರಡು ಲೋಟ ನೀರು, ಅಷ್ಟೇ. ಬಾಳೆಹಣ್ಣು, ಎಳನೀರು ಕೂಡದು. ಅವುಗಳ ಲವಣ ರಕ್ತದಲ್ಲಿ ಉಳಿದರೆ ಎದೆಬಡಿತವೇ ನಿಲ್ಲಬಹುದು. ಆದರೆ ಈ ಸೀಮೆಯಲ್ಲಿ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಅವನಿಂದ ಲಾಳ ಕಟ್ಟಿಸಿಕೊಂಡಿದ್ದ ರೈತರು ಜೋಡಿ ಎಳನೀರು ಹಿಡಿದೇ ಬರುತ್ತಿದ್ದರು. ಹೆಂಡತಿ ತಾಜ್‌ಬೀ ಬಾಗಿಲಲ್ಲೇ ಇಸಕೊಂಡು ಪಕ್ಕದ ಮನೆಗೆ ಕೊಡುತ್ತಿದ್ದಳು. ಗಂಡನ ಬಾಯಿಂದ ಕಿತ್ತು ನೆರೆಯವರಿಗೆ ಹಂಚುವ ಹೆಂಗಸು ಎಂದು ಓಣಿಯವರು ಆಡಿಕೊಂಡರು.

ಆದರೂ ಆಸ್ಪತ್ರೆಯಲ್ಲಿ ತೂಕಕ್ಕೆ ನಿಂತಾಗಲೆಲ್ಲ ಮೈಯಲ್ಲಿ ನಿಂತ ನೀರಿನಿಂದ ನಾಲ್ಕು ಕೆಜಿ ಹೆಚ್ಚು. ನರ್ಸು ತಾಜ್‌ಬೀಯನ್ನೇ ಬೈದಳು. ಡಾಕ್ಟರು ಅವನ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ‘ಹೇಳಿದ ಮಾತು ಕೇಳುವುದಿಲ್ಲ’ ಎಂದು ಬರೆದರು. ಊಟ ಸೇರುತ್ತಿಲ್ಲ, ಮಾತು ಬಿಟ್ಟಿದ್ದಾನೆ, ಹಗಲೆಲ್ಲ ಗೋಡೆ ಕಡೆ ಮುಖ ಮಾಡಿ ಮಲಗುತ್ತಾನೆ ಎಂದು ಅವಳು ಹೇಳಹೋದರೆ, ಅದೆಲ್ಲ ಇರುವಂಥದ್ದೇ ಎಂದು ಮುಂದಿನವರನ್ನು ಕರೆದರು. ಒಂದು ವರ್ಷದಲ್ಲಿ ಆ ಆಸ್ಪತ್ರೆ ಅವನ ತೂಕವನ್ನು ನೂರು ಸಲ ನೋಡಿತು. ಮನಸ್ಸು ಹೇಗಿದೆ ಎಂದು ಒಂದು ಸಲವೂ ಕೇಳಲಿಲ್ಲ.

ಒಮ್ಮೆ ವಾಪಸು ಬರುವ ಬಸ್ಸಿನಲ್ಲಿ ಅವನೇ ಅಂದಿದ್ದ: “ಎತ್ತಿಗಾದ್ರೆ ಲಾಳ ಕಟ್ಟಿದ ಮ್ಯಾಲೆ ಹಗ್ಗ ಬಿಚ್ತೀವಿ. ನನ್ನ ಕೆಡವಿದೋರು ಬಿಚ್ಚಾಕೇ ಒಲ್ಲರು.”

ಮರುವರ್ಷದ ಬೇಸಿಗೆಯಲ್ಲಿ ಒಂದು ಗುರುವಾರ ಅವನು ಬಸ್ಸಿಗೆ ಹೊರಡಲಿಲ್ಲ. ಸೋಮವಾರವೂ ಏಳಲಿಲ್ಲ. ಬುಧವಾರದ ಹೊತ್ತಿಗೆ ಪಾದ ಬಾತು ಉಸಿರು ಕಟ್ಟುತ್ತಿತ್ತು. ಮರುದಿನದ ಬಸ್ಸೂ ತಪ್ಪಿದರೆ ಉಳಿಯುವುದಿಲ್ಲ ಎಂದು ತಾಜ್‌ಬೀಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

ಆ ಬುಧವಾರ ಬೆಳಿಗ್ಗೆ ಸಾಸ್ವೆಹಳ್ಳಿಯ ರೈತ ಧರ್ಮಪ್ಪ ಲಾಳ ಸವೆದು ಕುಂಟುವ ಎತ್ತನ್ನು ಒಮ್ಮೆ ತೋರಿಸೋಣವೆಂದು ನಡೆಸಿಕೊಂಡು, ಹೆಗಲಿಗೆ ನಾಲ್ಕು ಎಳನೀರು ತೂಗುಹಾಕಿಕೊಂಡು ಬಂದ. ತಾಜ್‌ಬೀಗೆ ಸಾಕಾಗಿತ್ತು. ಎಳನೀರು ಕಿತ್ತುಕೊಂಡು ಬೀದಿಗೆ ಎಸೆದಳು.

“ಏನವ್ವಾ ಹಿಂಗೆ ಮಾಡ್ತೀಯ?” ಎಂದ ಧರ್ಮಪ್ಪ. “ನಿನ್ನ ಗಂಡನೇ ಹೇಳಿ ಕಳಿಸಿದ್ದು. ನೀನು ನೀರಿಗೆ ಹೋದಾಗ ಹಿತ್ತಲ ಬಾಗಿಲಿಗೆ ತರ್ರಿ ಅಂತ ಎಲ್ಲರಿಗೂ ಹೇಳವ್ನೆ. ಹಿತ್ತಲಾಗೆ ಎತ್ತು ಹಿಡಿಸಾಕಿಲ್ಲ ಅಂತ ನಾನು ಇತ್ತಾಗೆ ಬಂದೆ.”

ಅವಳಿಗೆ ಅರ್ಥವಾಯಿತು. ಅದು ಬಾಯಾರಿಕೆಯಲ್ಲ. ಯಾವುದು ಎದೆ ನಿಲ್ಲಿಸುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಅವನು ಚೆನ್ನಾಗಿಯೇ ಕೇಳಿಸಿಕೊಂಡಿದ್ದ.

ಹದಿನೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ ಅವಳು, ಒಳಗೆ ಮಲಗಿದ್ದ ಗಂಡನನ್ನು ಏಕವಚನದಲ್ಲಿ ಮಾತಾಡಿಸಿದಳು, ಅದೂ ಹೊರಗಿನವನ ಎದುರಿಗೆ. “ತವರಿನ ಹೊಲ ಮಾರಿ ನಿನ್ನ ಉಳಿಸ್ಕೊಂಡೆ. ನೀನು ಹಿತ್ತಲಾಗೆ ಸಾವು ತರಿಸ್ಕೊಂಡು ಕುಡೀತಿದ್ದಿ.”

“ಕೈ ಇಲ್ಲದೋನು ಇದ್ದರೆಷ್ಟು?” ಎಂದ ಅವನು, ಗೋಡೆಗೇ ಹೇಳಿದಂತೆ.

ಅವಳು ಗೂಟದಲ್ಲಿದ್ದ ಹಗ್ಗ ತೆಗೆದಳು. ಲಾಳದ ಹಗ್ಗವನ್ನು ಹೆಂಗಸರು ಮುಟ್ಟಿದರೆ ಎತ್ತು ಒದೆಯುತ್ತದೆ ಎಂಬುದು ಆ ಮನೆತನದ ನಂಬಿಕೆ. ಇಷ್ಟು ವರ್ಷ ಅವಳು ಹಿಡಿದದ್ದು ಮೊಳೆಯ ಡಬ್ಬಿ ಮಾತ್ರ. “ಹಗ್ಗ ಇಡು” ಎಂದ ಜಹಾಂಗೀರ್. ಎಷ್ಟೋ ತಿಂಗಳ ಮೇಲೆ ಅವನ ದನಿ ಏರಿತ್ತು. ಅವಳು ಇಡಲಿಲ್ಲ. ಅಂಗಳಕ್ಕಿಳಿದು ಎತ್ತಿನ ಕಾಲಿಗೆ ತಪ್ಪುತಪ್ಪಾಗಿ ಸುತ್ತತೊಡಗಿದಳು.

ಅವನು ಬಾಗಿಲ ಚೌಕಟ್ಟು ಹಿಡಿದು, ಏದುಸಿರು ಬಿಡುತ್ತ, ಬೈಯುತ್ತ ಹೊರಬಂದ. “ಎತ್ತಿಗೇನು ಸೀರೆ ಉಡಿಸ್ತಿದ್ದೀಯಾ? ಹಿಂದಿನ ಕಾಲು ಮೊದಲು.”

ಧರ್ಮಪ್ಪ ಕೊಂಬು ಹಿಡಿದ. ತಾಜ್‌ಬೀ ಜಗ್ಗಿದಳು. ಮೂರನೇ ಸಲಕ್ಕೆ ಎತ್ತು ಧೊಪ್ಪನೆ ಬಿತ್ತು. ಜಹಾಂಗೀರ್ ಗೋಣಿತಾಟಿನ ಮೇಲೆ ಕೂತು ಬಲಗೈಯಿಂದ ಒಂದೇ ಒಂದು ಗೊರಸಿಗೆ ಲಾಳ ಹೊಡೆದ, ಮೊಳೆಗೊಮ್ಮೆ ಸುಧಾರಿಸಿಕೊಳ್ಳುತ್ತ.

“ಉಳಿದ ಕಾಲು ಶನಿವಾರ” ಎಂದು ಧರ್ಮಪ್ಪನಿಗೆ ಹೇಳಿದ. “ಅಷ್ಟ್ರಾಗೆ ಇವಳಿಗೆ ಗಂಟು ಹಾಕಾಕೆ ಕಲಿಸ್ತೀನಿ. ಇಲ್ದಿದ್ರೆ ನಿನ್ನ ಎತ್ತು ಸಾಯಿಸ್ತಾಳೆ.”

ಗುರುವಾರ ಬೆಳಗಿನ ಬಸ್ಸಿನಲ್ಲಿ ಅವನು ಕಿಟಕಿ ಪಕ್ಕ ಕೂತಿದ್ದ. ಹಗ್ಗ ಮುಟ್ಟಿದ ಸಿಟ್ಟಿಗೆ ಹೆಂಡತಿಯ ಕೂಡ ಮಾತಿಲ್ಲ. ಆಸ್ಪತ್ರೆಯಲ್ಲಿ ತೂಕ ಎಂಟು ಕೆಜಿ ಹೆಚ್ಚಿತ್ತು. ಯಂತ್ರಕ್ಕೆ ಹಚ್ಚಿದ ಮೇಲೆ ಡಾಕ್ಟರು ಹಾಳೆ ತೆಗೆದು ಕೆಂಪು ಪೆನ್ನಿನ ಟೋಪಿ ಬಿಚ್ಚಿದರು.

ತಾಜ್‌ಬೀ ಹಗ್ಗ ಜಗ್ಗಿ ಬೊಬ್ಬೆ ಎದ್ದ ಅಂಗೈಯನ್ನು ಆ ಹಾಳೆಯ ಮೇಲೆ ಇಟ್ಟಳು.

“ಮಾತು ಕೇಳಲ್ಲ ಅಂತ ಬರೀಬ್ಯಾಡ್ರಿ. ಯಾಕೆ ಬರಲಿಲ್ಲ ಅಂತ ಮೊದಲು ಅವರನ್ನ ಕೇಳ್ರಿ.”

ಡಾಕ್ಟರು ಗಡಿಯಾರ ನೋಡಿದರು. ಅವಳು ಕೈ ತೆಗೆಯಲಿಲ್ಲ.